ಸುಸ್ಥಿತಿಯೆಂಬ ಮಾತು

ಫಿಲ್ಮು ಹಾಕುವ ಹಳೆಯ ಕ್ಯಾಮೆರಾವನ್ನು ‘ಸುಸ್ಥಿತಿಯಲ್ಲಿದೆ’ ಎಂದು ಮಾರುವವನು, ತಾನು ಬಲ್ಲ ದೋಷವನ್ನು ಕೇಳದಿದ್ದರೂ ಹೇಳಬೇಕೇ? ಸಕಲೇಶಪುರ, ಆಲೂರುಗಳ ಮಳೆಗಾಲದ ತೇವಕ್ಕೆ ಮಸೂರದೊಳಗೆ ಬೂಷ್ಟು ಜೇಡರ ಬಲೆಯಂತೆ ಹಬ್ಬುವುದುಂಟು. ಹೊರಗಣ ಲೋಹವು ಹೊಳೆಯುತ್ತಿದ್ದರೂ ಒಳಗಣ ಗಾಜು ಸವೆದಿರಬಹುದು. ಒರಸಿದರೆ ಆ ಕಲೆ ಹೋಗದು. ಬೆಳಕಿಗೆ ಹಿಡಿದು ಪರೀಕ್ಷಿಸುವುದು ಕೊಳ್ಳುವವನ ಕರ್ತವ್ಯವೆಂಬುದು ದಿಟವೇ. ಕೊಂಡ 10 ದಿನಗಳೊಳಗೆ ಹಿಂದಿರುಗಿಸಬಹುದೆಂದು ಮನುಸ್ಮೃತಿಯ 8ನೆಯ ಅಧ್ಯಾಯವು ವಿಧಿಸುತ್ತದೆ. ಆದರೆ ಹೊಸಬನ ಕಣ್ಣಿಗೆ ಬೂಷ್ಟು ಕಾಣದು. 36 ಚಿತ್ರಗಳು ಮುಗಿದು, ಫಿಲ್ಮು ತೊಳೆದು ಬರುವಷ್ಟರಲ್ಲಿ ಆ ಅವಧಿಯೂ ಕಳೆದೀತು. ಅದೇ ಅಧ್ಯಾಯವು ದೋಷವುಳ್ಳ ವಸ್ತುವನ್ನೂ ಮರೆಮಾಡಿದ ವಸ್ತುವನ್ನೂ ಮಾರಲಾಗದೆಂದು ನಿಷೇಧಿಸಿದೆ. ದೋಷವನ್ನು ಬಲ್ಲವನು ಒಬ್ಬನೇ ಆದಲ್ಲಿ ಹೇಳುವ ಹೊಣೆಯೂ ಅವನೊಬ್ಬನದೇ. ಆಗ ಮೌನವೂ ಅನೃತವೇ ಸರಿ. ಬೆಲೆ ಕೊಂಚ ತಗ್ಗಿದರೂ ಇದ್ದುದನ್ನು ನುಡಿದೇ ಮಾರುವುದು ಧರ್ಮ.