ಅರ್ಹತೆಯೋ, ದೈವವೋ?

ಫೆಬ್ರವರಿ ಬಂತೆಂದರೆ ಅಮೆರಿಕದ ಬೇಸ್‌ಬಾಲ್ ಅಭಿಮಾನಿಯ ಕಣ್ಣೆಲ್ಲ ಫ್ಲಾರಿಡಾ, ಅರಿಜೋನಾದ ತರಬೇತಿ ಶಿಬಿರಗಳ ಮೇಲೆ. ತಂಡದಲ್ಲಿ ಜಾಗ ಇರುವುದು 26 ಮಂದಿಗೆ. ಆಕಾಂಕ್ಷಿಗಳು ಅದರ ದುಪ್ಪಟ್ಟು. ಹಾಗಾಗಿ ಲೆಕ್ಕಕ್ಕೇ ಇಲ್ಲದ ಅಭ್ಯಾಸ ಪಂದ್ಯಗಳನ್ನೂ ಅಭಿಮಾನಿ ಉಸಿರು ಬಿಗಿಹಿಡಿದು ನೋಡುತ್ತಾನೆ.

ಆ ಜಾಗ ಸಿಗುವುದು ಅರ್ಹತೆಯಿಂದಲೋ, ದೈವದಿಂದಲೋ?

ತಂಡಗಳು ಹೊಸ ಆಟಗಾರರನ್ನು ಸುತ್ತುಸುತ್ತಾಗಿ ಆರಿಸಿಕೊಳ್ಳುವ 1999ರ ಡ್ರಾಫ್ಟ್‌ನಲ್ಲಿ ಆಲ್ಬರ್ಟ್ ಪುಹೋಲ್ಸ್‌ನನ್ನು 13ನೇ ಸುತ್ತಿನವರೆಗೆ ಯಾರೂ ಆರಿಸಿರಲಿಲ್ಲ. 2001ರ ಕಾರ್ಡಿನಲ್ಸ್ ತಂಡದ ಶಿಬಿರದಲ್ಲಿ ಅವನ ಬ್ಯಾಟು ಮಾತಾಡಿತು, ನಿಜ. ಆದರೆ ಹಿರಿಯ ಆಟಗಾರ ಬಾಬಿ ಬೊನಿಲಾನ ತೊಡೆಯ ಸ್ನಾಯುವಿಗೆ ಪೆಟ್ಟಾಗದಿದ್ದರೆ ಜಾಗವೇ ತೆರವಾಗುತ್ತಿರಲಿಲ್ಲವೇನೋ. ಪುರುಷಪ್ರಯತ್ನಕ್ಕೆ ದೈವವೂ ಕೂಡಿಬರಬೇಕೆಂಬ ನಮ್ಮ ಹಿರಿಯರ ವಿಚಾರ ಇಲ್ಲಿ ಸರಿಯಾಗಿ ಹೊಂದುತ್ತದೆ. ಹಾಗೆಂದು ಎಲ್ಲವನ್ನೂ ದೈವದ ಖಾತೆಗೆ ಬರೆಯುವುದು ಅನ್ಯಾಯ: ಅದೇ ವರ್ಷ ಅವನು ನ್ಯಾಷನಲ್ ಲೀಗ್‌ನ ಶ್ರೇಷ್ಠ ಹೊಸಬನಾದ, 2022ರಲ್ಲಿ ನಿವೃತ್ತನಾಗುವಾಗ 703 ಹೋಮ್ ರನ್ ಬಾರಿಸಿದ್ದ.