ಪಾಳಿ ಬರುತ್ತಾ?

“ಅಪ್ಪಾ, ಈಗ ಅಳ್ಲಾ?”

ಎರಡು ಮುಕ್ಕಾಲು ವರ್ಷದ ನನ್ನ ಮಗಳು ಇದನ್ನು ಕೇಳಿದಾಗ ಅವಳ ಮುಖದಲ್ಲಿ ಅಳುವಿನ ಗುರುತೇ ಇರಲಿಲ್ಲ. ಕೈಯಲ್ಲಿ ಅರ್ಧ ತಿಂದ ಬಿಸ್ಕತ್ತು, ಗಲ್ಲಕ್ಕೆ ಅಂಟಿದ ಪುಡಿ. ಹೇಳಿದರೆ ಈಗಲೇ ಮಾಡಿಕೊಡುತ್ತೇನೆ ಎನ್ನುವ ಹಾಗೆ ನನ್ನನ್ನೇ ನೋಡುತ್ತಿದ್ದಳು. “ಶ್, ಸುಮ್ನಿರು” ಎಂದೆ. ಅದು ಉತ್ತರವಲ್ಲ ಅನ್ನುವುದು ಆಗಲೇ ಗೊತ್ತಿತ್ತು. ಮನೆಗೆ ಬಂದ ಮೇಲೂ ಆ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ಕಳೆದ ಬೇಸಿಗೆ ರಜೆಯಲ್ಲಿ ನಂಟರೆಲ್ಲ ಸೇರಿ ಒಂದು ಟಿಟಿ ಮಾಡಿಕೊಂಡು ಅಮ್ಯೂಸ್‌ಮೆಂಟ್ ಪಾರ್ಕಿಗೆ ಹೋಗಿದ್ದೆವು. ರಾತ್ರಿ ನ್ಯಾಮತಿಯಿಂದ ನಾನು, ಹೆಂಡತಿ, ಮಗಳು ಹೊರಟೆವು. ಹೊನ್ನಾಳಿಯಲ್ಲಿ ಅತ್ತೆ ಹತ್ತಿದರು. ಚನ್ನಗಿರಿಯಲ್ಲಿ ಹೆಂಡತಿಯ ಅಕ್ಕ, ನನ್ನ ಷಡ್ಡಕರು, ಅವರ ಇಬ್ಬರು ಗಂಡುಮಕ್ಕಳು. ಜಗಳೂರಿಗೆ ಕೊಟ್ಟ ನಮ್ಮಕ್ಕ ಮಗಳನ್ನು ಕರೆದುಕೊಂಡು ಚಿತ್ರದುರ್ಗದ ತನಕ ಬಂದು ಕಾದಿದ್ದಳು. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಚನ್ನಗಿರಿ, ಹೊನ್ನಾಳಿ ಶಿವಮೊಗ್ಗದಿಂದ ಬಂದವು, ಜಗಳೂರು ಚಿತ್ರದುರ್ಗದಿಂದ ಬಂತು. ನಮ್ಮ ನ್ಯಾಮತಿ ಆಮೇಲೆ ಹೊನ್ನಾಳಿಯಿಂದ ಬೇರೆಯಾಗಿ ತಾಲ್ಲೂಕಾಯಿತು. ಜಿಲ್ಲೆ ಒಂದಾದರೂ ನೀರು ಒಂದಲ್ಲ. ಚನ್ನಗಿರಿ ಕಡೆ ಸೂಳೆಕೆರೆ, ಭದ್ರಾ ನಾಲೆ, ಅಡಿಕೆ ತೋಟ. ಜಗಳೂರು ಕಡೆ ಮಳೆ ನಂಬಿದ ಮೆಕ್ಕೆಜೋಳ, ಬರ ಬಿದ್ದರೆ ಟ್ಯಾಂಕರ್ ನೀರು. ಈ ವ್ಯತ್ಯಾಸ ಟಿಟಿಯೊಳಗೆ ಯಾರಿಗೂ ನೆನಪಾಗಲಿಲ್ಲ. ಪಾರ್ಕಿನ ಟಿಕೆಟ್ ಕೌಂಟರಿನಲ್ಲಿ ನೆನಪಾಯಿತು.

ಅಲ್ಲಿ ಎರಡು ಬಗೆಯ ಟಿಕೆಟ್. ಒಂದು ಮಾಮೂಲಿಯದು. ಇನ್ನೊಂದಕ್ಕೆ ದುಡ್ಡು ಹೆಚ್ಚು. ಅದಿದ್ದವರು ಉದ್ದ ಸಾಲನ್ನು ಬಿಟ್ಟು ಬೇರೆ ಗೇಟಿನಿಂದ ನೇರ ಆಟದ ಹತ್ತಿರ ಹೋಗಬಹುದು. ಷಡ್ಡಕರು ತಮ್ಮ ಮನೆಯವರಿಗೆ ಎರಡನೆಯದನ್ನು ತೆಗೆದುಕೊಂಡರು. ಎಲ್ಲರಿಗೂ ತಾವೇ ಕೊಡಿಸುತ್ತೇನೆ ಎಂದರು. ಬಾಯಿಮಾತಿಗಲ್ಲ, ಮನಸ್ಸಿನಿಂದಲೇ ಅಂದರು. ಅಕ್ಕ ಮಾತ್ರ “ಬ್ಯಾಡ ಬಿಡ್ರಿ, ನಮಗೆ ನಿಂತು ರೂಢಿ ಐತೆ” ಅಂದಳು. ಅಕ್ಕ ಬೇಡವೆಂದ ಮೇಲೆ ನಾನೂ ಬೇಡವೆಂದೆ. ರಾತ್ರಿಯೆಲ್ಲ ಒಂದೇ ಗಾಡಿಯಲ್ಲಿ ಬಂದವರು ಗೇಟಿನಲ್ಲಿ ಎರಡು ಸಾಲಾದೆವು.

ಸಣ್ಣ ಮಗುವಿಗೆ ಇಂಥ ಪಾರ್ಕಿನಲ್ಲಿ ಸಿಗುವುದು ಕಡಿಮೆ. ದೊಡ್ಡ ಆಟಗಳ ಮುಂದೆಲ್ಲ ಎತ್ತರ ಅಳೆಯುವ ಹಲಗೆ ನಿಂತಿರುತ್ತದೆ. ಇವಳಿಗೆ ಉಳಿದದ್ದು ಪುಟಾಣಿ ರೈಲು, ತಿರುಗುವ ಕುದುರೆ, ಮೊಣಕಾಲಷ್ಟು ನೀರಿನ ಕೊಳ. ಆ ಪುಟಾಣಿ ರೈಲಿಗೂ ಕಬ್ಬಿಣದ ಕಂಬಿಗಳ ನಡುವೆ ಸುತ್ತಿ ಸುತ್ತಿ ಹೋಗುವ ಸಾಲು. ನಮಗೆ ನಲವತ್ತು ನಿಮಿಷ ಅಂದರೆ ನಲವತ್ತು ನಿಮಿಷ. ಅವಳಿಗೆ ನಿಮಿಷ ಅನ್ನುವುದೇ ಇಲ್ಲ; ಇದೆ, ಇಲ್ಲವೇ ಇಲ್ಲ, ಅಷ್ಟೆ. ಮೊದಲು ಮುಂದಿನವರ ಟೋಪಿಗಳ ಬಣ್ಣ ಹೇಳಿಸಿದೆ. ಆಮೇಲೆ ಬಿಸ್ಕತ್ತು. ಆಮೇಲೆ ಹೆಗಲು. ಆಮೇಲೆ ಅವಳು ನಿಜವಾಗಿಯೇ ಅತ್ತಳು, ನೆಲಕ್ಕೆ ಬಿದ್ದು ಹೊರಳಿ ಅತ್ತಳು. ಮುಂದಿದ್ದವರು “ಪಾಪ, ಹೋಗ್ರಿ ಮುಂದೆ” ಎಂದು ಪಕ್ಕಕ್ಕೆ ಸರಿದರು. ಅವರನ್ನು ನೋಡಿ ಅವರ ಮುಂದಿನವರೂ ಸರಿದರು. ಹತ್ತು ಹನ್ನೆರಡು ಜನರನ್ನು ದಾಟಿ ನಾವು ರೈಲು ಹತ್ತಿದೆವು. ಅಲ್ಲಿಯ ತನಕ ತಪ್ಪೇನೂ ಆಗಿರಲಿಲ್ಲ ಎಂದೇ ಈಗಲೂ ನನ್ನ ಎಣಿಕೆ.

ತಪ್ಪಾಗಿದ್ದು ಕುದುರೆಯ ಸಾಲಿನಲ್ಲಿ. ಮಗಳು ಹೆಗಲ ಮೇಲೆ ತಣ್ಣಗೆ ಕೂತಿದ್ದಳು. ಬಿಸಿಲಿಗೆ ಸಾಕಾಗಿದ್ದವನು ನಾನು. ಮುಂದಿನವರಿಗೆ “ಸ್ವಲ್ಪ ಬಿಡ್ತೀರಾ? ಮಗು ತುಂಬಾ ಅಳ್ತಿದೆ” ಎಂದೆ. ಅವರು ತಿರುಗಿ ನೋಡದೆಯೇ ಜಾಗ ಬಿಟ್ಟರು. ಹೀಗೇ ಹೇಳುತ್ತ ಗೇಟಿನ ತನಕ ಹೋದೆ. ಗೇಟಿನ ಹುಡುಗ ಎಣಿಸಿ ನಮ್ಮನ್ನು ಒಳಗೆ ಬಿಟ್ಟ, ನಮ್ಮ ಹಿಂದೆಯೇ ಸರಪಳಿ ಹಾಕಿದ. ಸರಪಳಿಯ ಆಚೆ ಒಬ್ಬ ಅಜ್ಜಿ, ಆರು ವರ್ಷದ ಒಂದು ಹುಡುಗಿ. ಹುಡುಗಿ ಅಳಲಿಲ್ಲ, ರಂಪ ಮಾಡಲಿಲ್ಲ. “ಅಜ್ಜಿ, ನಮ್ಮ ಪಾಳಿ ಇತ್ತಲ್ಲಾ?” ಎಂದಳು. “ಇರ್ಲಿ ಬಿಡವ್ವ, ಪಾಪು ಅಳ್ತಿತ್ತಂತೆ” ಎಂದಿತು ಅಜ್ಜಿ. ಪಾಪು ಆಗಲೇ ಕುದುರೆಯ ಮೇಲೆ ಕೂತು ನಗುತ್ತಿತ್ತು. ಆ ಹುಡುಗಿ ಅವಳನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು.

ಅದರ ಮುಂದಿನ ಸಾಲಿನಲ್ಲಿ ಮಗಳು ಕೇಳಿದ್ದು: “ಅಪ್ಪಾ, ಈಗ ಅಳ್ಲಾ?”

ಇದನ್ನು ಬರೀ ಒಂದು ಸಣ್ಣ ಸುಳ್ಳು ಎಂದು ತಳ್ಳಿಹಾಕಬಹುದು. ನನಗೆ ಆಗುತ್ತಿಲ್ಲ. ಸಾಲಿನಲ್ಲಿ ಮುಂದೆ ಹೋಗುವುದೆಲ್ಲ ತಪ್ಪೇ ಎಂದರೆ, ಇಲ್ಲ. ಬಸುರಿ ಹೆಂಗಸು, ಊರುಗೋಲು ಹಿಡಿದ ಮುದುಕ, ಜ್ವರ ಬಂದ ಮಗು, ಇವರನ್ನು ಹಿಂದೆ ನಿಲ್ಲಿಸುವ ಸಾಲು ನ್ಯಾಯದ ಸಾಲಲ್ಲ. ಎಲ್ಲರೂ ಒಂದೇ ಹೊತ್ತು ನಿಂತರೆ ಎಲ್ಲರಿಗೂ ಒಂದೇ ಭಾರ ಬೀಳುವುದಿಲ್ಲ. ಹಾಗಾಗಿ ಪ್ರಶ್ನೆ ಯಾರು ಮುಂದೆ ಹೋದರು ಎಂಬುದಲ್ಲ, ಆ ಜಾಗ ಅವರಿಗೆ ಹೇಗೆ ಬಂತು ಎಂಬುದು. ಕೊಟ್ಟ ಜಾಗ, ಕದ್ದ ಜಾಗ, ಕೊಂಡ ಜಾಗ ಎಂದು ಮೂರು ಬಗೆ ನನಗೆ ಕಾಣುತ್ತದೆ. ರೈಲಿನ ಸಾಲಿನಲ್ಲಿ ನಮ್ಮದು ಕೊಟ್ಟ ಜಾಗ. ನಾವು ದಾಟಿದ ಒಬ್ಬೊಬ್ಬರೂ ಮಗುವನ್ನು ಕಣ್ಣಾರೆ ಕಂಡು ತಮ್ಮ ಹೊತ್ತನ್ನು ತಾವೇ ಕೊಟ್ಟರು. ಕುದುರೆಯ ಸಾಲಿನಲ್ಲೂ ಅವರು ಕೊಟ್ಟರು, ಆದರೆ ಇಲ್ಲದ ಅಳುವಿಗೆ ಕೊಟ್ಟರು. ಅದು ಕದ್ದದ್ದು. ಅದಕ್ಕಿಂತ ಕೆಟ್ಟದ್ದೆಂದರೆ, ಮುಂದಿನ ಸಲ ನಿಜವಾಗಿ ಅಳುವ ಮಗು ಬಂದಾಗ ಆ ಹುಡುಗಿ ನಂಬದೇ ಹೋಗಬಹುದು. ನಾನು ಖರ್ಚು ಮಾಡಿದ್ದು ನನ್ನ ಮಾತಿನ ಬೆಲೆಯನ್ನಷ್ಟೇ ಅಲ್ಲ, ಮುಂದೆ ಬರುವವರ ಅಳುವಿನ ಬೆಲೆಯನ್ನೂ.

ಇನ್ನು ಕೊಂಡ ಜಾಗ. ಊಟದ ಹೊತ್ತಿಗೆ ಎಲ್ಲರೂ ಸೇರಿದಾಗ ಷಡ್ಡಕರ ಜೊತೆ ಇದೇ ಮಾತಾಯಿತು. “ಏನ್ ಮೇಷ್ಟ್ರೇ, ಬಸ್ಸಿನಾಗೆ ಸ್ಲೀಪರ್ ಇಲ್ವಾ? ದುಡ್ಡು ಕೊಟ್ಟೋರು ಮಲಗ್ತಾರೆ, ಇಲ್ದೋರು ಕೂತ್ಕೊಂಡು ಹೋಗ್ತಾರೆ. ಇದೂ ಹಂಗೇ” ಎಂದರು. ಮಾತು ಸರಿ ಎನ್ನಿಸಿತು. ಆದರೆ ಸ್ಲೀಪರಿನಲ್ಲಿ ಮಲಗಿದವನಿಂದ ಹಿಂದಿನ ಸೀಟಿನವನು ತಡವಾಗಿ ಊರು ಸೇರುವುದಿಲ್ಲ. ಇಲ್ಲಿ ಒಬ್ಬರು ಬೇಗ ಹತ್ತಿದಷ್ಟೂ ಇನ್ನೊಬ್ಬರು ತಡವಾಗಿ ಹತ್ತುತ್ತಾರೆ. ಕಳೆದುಹೋದ ಹೊತ್ತು ಸಾಲಿನವರದು, ಅದಕ್ಕೆ ಬಂದ ದುಡ್ಡು ಪಾರ್ಕಿನದು. ಮಾರಿದವರು ಬೇರೆ, ಮಾಲು ಬೇರೆಯವರದು. ಮಾಮೂಲಿ ಟಿಕೆಟ್ ತೆಗೆದುಕೊಳ್ಳುವಾಗಲೇ ಇದು ನಿಮಗೆ ಗೊತ್ತಿತ್ತಲ್ಲ ಎಂದು ಅವರು ಕೇಳಬಹುದು. ಗೊತ್ತಿತ್ತು. ಇದು ಮೋಸವಲ್ಲ ಎಂದು ಒಪ್ಪುತ್ತೇನೆ. ಮೋಸ ಮಾಡಿದವನು ನಾನೇ, ಅವರಲ್ಲ.

ಇದು ನಮ್ಮಲ್ಲಿ ಮಾತ್ರ ಇರುವ ಪದ್ಧತಿಯಲ್ಲ. ಡಿಸ್ನಿಯ ಪಾರ್ಕುಗಳಲ್ಲಿ 1999ರಲ್ಲಿ ಫಾಸ್ಟ್‌ಪಾಸ್ ಬಂದಾಗ ಅದು ಪುಕ್ಕಟೆಯಾಗಿತ್ತು; ಒಂದು ಚೀಟಿ ಪಡೆದು, ಅದರಲ್ಲಿ ಹೇಳಿದ ಹೊತ್ತಿಗೆ ಬಂದರೆ ಸಾಕು. 2021ರಲ್ಲಿ ಅಮೆರಿಕದ ಡಿಸ್ನಿ ಪಾರ್ಕುಗಳಲ್ಲಿ ಅದರ ಜಾಗಕ್ಕೆ ದುಡ್ಡು ಕೊಟ್ಟು ಪಡೆಯುವ ವ್ಯವಸ್ಥೆ ಬಂತು. ನಮ್ಮ ಬಿಡದಿಯ ವಂಡರ್‌ಲಾದಲ್ಲೂ ಫಾಸ್ಟ್‌ಟ್ರ್ಯಾಕ್ ಟಿಕೆಟ್ ಇದೆ. ತಿರುಪತಿಯಲ್ಲಿ 300 ರೂಪಾಯಿಯ ವಿಶೇಷ ದರ್ಶನಕ್ಕೆ ನಿಂತವರು ನಮ್ಮ ಮನೆಯಲ್ಲೇ ಇದ್ದಾರೆ. ಅಮೆರಿಕದ ತತ್ತ್ವಶಾಸ್ತ್ರದ ಮೇಷ್ಟ್ರು ಮೈಕೆಲ್ ಸ್ಯಾಂಡೆಲ್ 2012ರಲ್ಲಿ ಬರೆದ, ಹಣದಿಂದ ಏನನ್ನು ಕೊಳ್ಳಬಾರದು ಎಂದು ವಿಚಾರಿಸುವ ಪುಸ್ತಕದ ಮೊದಲ ಅಧ್ಯಾಯವೇ ಸರತಿ ಸಾಲನ್ನು ದಾಟುವುದರ ಬಗ್ಗೆ. ನನಗೆ ಮಾತ್ರ ಈ ವಿಷಯದಲ್ಲಿ ಪುಸ್ತಕಕ್ಕಿಂತ ಅಕ್ಕನ ಮಾತು ಹೆಚ್ಚು ತಾಗಿತು.

ಅಕ್ಕ ಮೊಸರನ್ನ ಕಲಸುತ್ತ ಹೇಳಿದಳು: “ನಮ್ಮೂರಾಗೆ ಟ್ಯಾಂಕರ್ ಬರಾಕೆ ಮುಂಚೆನೇ ಕೊಡ ಇಟ್ಟು ಮನೆಗೆ ಬರ್ತೀವಿ ಕಣೋ. ಖಾಲಿ ಕೊಡಾನೇ ಪಾಳಿಯಾಗೆ ನಿಂತಿರ್ತವೆ. ಯಾರೂ ಸರಿಸಲ್ಲ. ಸರಿಸಿದ್ರೆ ನಾಳೆ ಅವರ ಕೊಡಾನೂ ಉಳಿಯಲ್ಲ.” ಅದಕ್ಕೆ ಅತ್ತೆ ದನಿಗೂಡಿಸಿದರು. ಹೊನ್ನಾಳಿಯಲ್ಲಿ ಮುಂಗಾರಿನ ಹೊತ್ತಿಗೆ ಯೂರಿಯಾ ಕೊರತೆಯಾದರೆ ನಸುಕಿನಲ್ಲೇ ಅಂಗಡಿ ಮುಂದೆ ಚಪ್ಪಲಿ ಸಾಲಾಗಿ ನಿಂತಿರುತ್ತವಂತೆ. ಚಪ್ಪಲಿಯ ಯಜಮಾನ ಚಹಾ ಕುಡಿದು ಬರುವ ತನಕ ಅವನ ಪಾಳಿ ಅವನದೇ. ಕೇಳುತ್ತ ನನಗೆ ನಾಚಿಕೆಯಾಯಿತು. ಅಲ್ಲಿ ಆಳಿಲ್ಲದ ಕೊಡಕ್ಕೆ ಸಿಗುವ ಮರ್ಯಾದೆ, ಇಲ್ಲಿ ಎದುರಿಗೇ ನಿಂತ ಆರು ವರ್ಷದ ಹುಡುಗಿಗೆ ನನ್ನಿಂದ ಸಿಗಲಿಲ್ಲ.

ಹಾಗೆಂದು ಹಳ್ಳಿಯ ಸಾಲನ್ನು ಹೊಗಳಿ ಕೂರುವಂತಿಲ್ಲ. ಮೊದಲು ಬಂದವರಿಗೆ ಮೊದಲು ಎನ್ನುವುದು ನಮ್ಮ ಹಿರಿಯರ ಕಾಲದಿಂದ ಬಂದದ್ದಲ್ಲ. ಬಾವಿಯ ಕಟ್ಟೆಯಲ್ಲಿ ಯಾರು ಮೊದಲು ಸೇದಬೇಕು ಎಂಬುದನ್ನು ಹುಟ್ಟು ತೀರ್ಮಾನಿಸುತ್ತಿತ್ತು. ಕೆಲವರು ಸೇದುವಂತೆಯೇ ಇರಲಿಲ್ಲ; ಯಾರಾದರೂ ಬಂದು ಹುಯ್ಯುವ ತನಕ ದೂರ ನಿಂತು ಕಾಯಬೇಕಿತ್ತು. 1927ರಲ್ಲಿ ಮಹಾಡಿನ ಚವದಾರ್ ಕೆರೆಯಲ್ಲಿ ಅಂಬೇಡ್ಕರ್ ಮತ್ತು ಸಾವಿರಾರು ಜನ ನೀರು ಮುಟ್ಟಿದ್ದು ಈ ಕಾಯುವಿಕೆಯನ್ನು ಮುಗಿಸಲಿಕ್ಕೆ. ಊಟಕ್ಕೆ ಕೂತಲ್ಲಿ ಬೇರೆ ಮಾಡುವುದಕ್ಕೆ ಪಂಕ್ತಿಭೇದ ಎಂಬ ಹೆಸರೇ ನಮ್ಮಲ್ಲಿದೆ. ಹಾಗಾಗಿ ನೀನು ಯಾರ ಮಗ ಎಂದು ಕೇಳದ, ಎಷ್ಟು ಹೊತ್ತಿಗೆ ಬಂದೆ ಎಂದಷ್ಟೇ ಕೇಳುವ ಸಾಲು ಕಷ್ಟಪಟ್ಟು ಗಳಿಸಿದ ಆಸ್ತಿ. ಅದು ಇನ್ನೂ ಎಲ್ಲ ಕಡೆ ಬಂದಿಲ್ಲ. ಬಂದಲ್ಲಿ, ಹುಟ್ಟಿನ ಬದಲು ಜೇಬನ್ನು ಕೇಳುವ ಇನ್ನೊಂದು ಗೇಟು ಅದರ ಪಕ್ಕದಲ್ಲೇ ಏಳುತ್ತಿದೆ. ಪಾರ್ಕಿನಲ್ಲಿ ಅದು ಬರೀ ಆಟ ಎನ್ನಬಹುದು. ಆದರೆ ಮಕ್ಕಳು ಲೋಕದ ನಿಯಮ ಕಲಿಯುವುದು ಆಟದಲ್ಲೇ ಅಲ್ಲವೇ?

ಮಕ್ಕಳ ತಾಳ್ಮೆಯ ಬಗ್ಗೆ ಒಂದು ಪ್ರಯೋಗ ಪ್ರಸಿದ್ಧವಾಗಿದೆ. ಒಂದು ಮಿಠಾಯಿ ಮುಂದಿಟ್ಟು, ತಿನ್ನದೆ ಕಾದರೆ ಎರಡು ಕೊಡುತ್ತೇವೆ ಎನ್ನುವುದು. ಅದನ್ನು ಅಮೆರಿಕದ ರಾಚೆಸ್ಟರ್ ವಿಶ್ವವಿದ್ಯಾಲಯದವರು ಸ್ವಲ್ಪ ಬದಲಿಸಿ, 28 ಪುಟ್ಟ ಮಕ್ಕಳೊಂದಿಗೆ ಮಾಡಿದರು. ಮೊದಲು ಆ ಮಕ್ಕಳಿಗೆ ಒಳ್ಳೆಯ ಬಣ್ಣದ ಕಡ್ಡಿ ತಂದುಕೊಡುತ್ತೇವೆ ಎಂದು ಹೇಳಿದರು. ಅರ್ಧ ಮಕ್ಕಳಿಗೆ ತಂದುಕೊಟ್ಟರು, ಇನ್ನರ್ಧಕ್ಕೆ ಇಲ್ಲವೆಂದು ಬರಿಗೈಯಲ್ಲಿ ಬಂದರು. ಆಮೇಲೆ ಮಿಠಾಯಿ ಇಟ್ಟರು. ಮಾತು ಉಳಿಸಿಕೊಂಡವರನ್ನು ಕಂಡ ಮಕ್ಕಳು ಸರಾಸರಿ 12 ನಿಮಿಷ ಕಾದವು. ಮಾತು ತಪ್ಪಿದವರನ್ನು ಕಂಡವು ಕಾದದ್ದು ಸುಮಾರು 3 ನಿಮಿಷ. ಅಂದರೆ ನಾವು ತಾಳ್ಮೆ ಎಂದು ಕರೆಯುವುದರಲ್ಲಿ ದೊಡ್ಡ ಪಾಲು ನಂಬಿಕೆ. ಬರುತ್ತದೆ ಎಂದು ಗೊತ್ತಿದ್ದರೆ ಕಾಯಬಹುದು. ಕೊಡಗಳು ನಿಲ್ಲುವುದೂ ಟ್ಯಾಂಕರ್ ಬರುತ್ತದೆ ಎಂಬ ನಂಬಿಕೆಯಿಂದ, ನಡುವೆ ಯಾರೂ ಸರಿಸುವುದಿಲ್ಲ ಎಂಬ ನಂಬಿಕೆಯಿಂದ.

ಮಧ್ಯಾಹ್ನ ಆ ಅಜ್ಜಿ ಮೊಮ್ಮಗಳನ್ನು ಹುಡುಕಿದೆ. ಸಿಕ್ಕಿದ್ದರೆ ಏನು ಹೇಳುತ್ತಿದ್ದೆನೋ ಗೊತ್ತಿಲ್ಲ. ಸಿಗಲಿಲ್ಲ.

ಸಂಜೆ ಹೊರಡುವ ಮುಂಚೆ ಮಗಳು ಮತ್ತೆ ರೈಲು ಬೇಕೆಂದಳು. ಈ ಸಲ ನಾನು ಯಾರನ್ನೂ ಏನೂ ಕೇಳಲಿಲ್ಲ. ಅಕ್ಕನನ್ನು ಸಾಲಿನಲ್ಲಿ ನಿಲ್ಲಿಸಿ, ಹಿಂದಿನವರಿಗೆ ಹೇಳಿ, ಮಗಳನ್ನು ಹೊರಗೆ ಕರೆದುಕೊಂಡು ಹೋಗಿ ಆಡಿಸಿದೆ. ಸಾಲು ಗೇಟಿನ ಹತ್ತಿರ ಬಂದಾಗ ಸೇರಿಕೊಂಡೆ. ಹಿಂದಿನವರು ನಕ್ಕು ಜಾಗ ಬಿಟ್ಟರು. ಕೊಡ ಇಟ್ಟು ಹೋಗುವ ಹಾಗೆಯೇ ಇದು. ಬೆಳಗ್ಗೆ ಯಾಕೆ ಹೊಳೆಯಲಿಲ್ಲವೋ.

ನಾವು ಗೇಟಿನ ಮುಂದೆ ಮೊದಲಿಗರಾಗಿ ನಿಂತಿದ್ದೆವು. ಅಷ್ಟರಲ್ಲಿ ಪಕ್ಕದ ಗೇಟಿನಿಂದ ಷಡ್ಡಕರ ಮನೆಯವರು ಬಂದರು, ಅವರ ಹಿಂದೆ ಇನ್ನೊಂದು ಸಂಸಾರ. ರೈಲು ತುಂಬಿತು. ನಮ್ಮ ಮುಂದೆ ಸರಪಳಿ ಬಿತ್ತು. ಷಡ್ಡಕರ ಚಿಕ್ಕ ಮಗ ಕಿಟಕಿಯಿಂದ ಖುಷಿಯಾಗಿ ಕೈ ಬೀಸಿದ. ಮಗಳು ಅವನನ್ನು ನೋಡಿ, ನನ್ನ ಕಡೆ ತಿರುಗಿದಳು.

“ಅಣ್ಣ ಅತ್ನಾ?”

ಮುಂದೆ ಹೋದವರು ಅತ್ತಿರಲೇಬೇಕು. ನಾನು ಕಲಿಸಿದ ನಿಯಮ ಅದು.

“ಇಲ್ಲ ಪುಟ್ಟಿ.”

“ಮತ್ತೆ?”

ಅಕ್ಕ ನನ್ನ ಮುಖ ನೋಡಿದಳು. ನಾನು “ನಮ್ಮ ಪಾಳಿ ಬರುತ್ತೆ” ಎಂದೆ. ಮಗಳು “ಬರುತ್ತಾ?” ಎಂದಳು. ಬೆಳಗಿನ ಆ ಹುಡುಗಿ ತನ್ನ ಅಜ್ಜಿಯನ್ನು ಕೇಳಿದ್ದೂ ಇದನ್ನೇ ಎಂದು ಆಗ ತಿಳಿಯಿತು. “ಬರುತ್ತೆ” ಎಂದು ನಾನು ಹೇಳಬಹುದು. ಆ ಮಾತನ್ನು ಉಳಿಸಿಕೊಡಬೇಕಾದವರು ಮುಂದೆ ನಿಂತವರು, ಪಕ್ಕದ ಗೇಟಿನವರು, ಸರಪಳಿ ಹಿಡಿದವರು. ಇನ್ನೊಬ್ಬರ ಮಕ್ಕಳ ಮುಂದೆ ನಾನು ನಿಂತಾಗ, ನಾನು.

ಮುಂದಿನ ಸುತ್ತಿಗೆ ಪಾಳಿ ಬಂತು. ಅಕ್ಕನ ಮಗಳು ಇವಳನ್ನು ತೊಡೆಯ ಮೇಲೆ ಕೂರಿಸಿಕೊಂಡಳು. ರೈಲು ಹೊರಟಿತು. ಆ “ಮತ್ತೆ?”ಗೆ ನಾನು ಇನ್ನೂ ಉತ್ತರ ಕೊಟ್ಟಿಲ್ಲ. ಅವಳಿಗೆ ಮೂರು ತುಂಬಿದೆ, ಅಂಗನವಾಡಿಗೆ ಹೋಗುತ್ತಾಳೆ. ಅಲ್ಲಿ ತಟ್ಟೆ ಹಿಡಿದು ಸಾಲಿನಲ್ಲಿ ನಿಲ್ಲುತ್ತಾಳಂತೆ.