ಒಂದು ಘನ ಅಂಗುಲದ ಆಚೆ ಈಚೆ

ಫೋರ್ಡ್ ಕಂಪನಿ ತನ್ನ ಮಸ್ಟಾಂಗ್ ಕಾರಿಗೆ ಒಂದು ವರ್ಷದ ಅಂತರದಲ್ಲಿ ಎರಡು ಬಿಗ್ ಬ್ಲಾಕ್ ಎಂಜಿನ್‌ಗಳನ್ನು ಕೂರಿಸಿತು. 1968ರಲ್ಲಿ ಬಂದದ್ದು 428 ಕೋಬ್ರಾ ಜೆಟ್, 1969ರಲ್ಲಿ ಬಂದದ್ದು ಬಾಸ್ 429. ಗಾತ್ರದಲ್ಲಿ ಎರಡಕ್ಕೂ ಒಂದೇ ಒಂದು ಘನ ಅಂಗುಲದ ವ್ಯತ್ಯಾಸ. ಎರಡೂ ಏಳು ಲೀಟರಿನವು. ಕಾರ್ಬ್ಯುರೇಟರ್ ಕೂಡ ಎರಡಕ್ಕೂ ಹೋಲಿ ಕಂಪನಿಯ 735 ಸಿಎಫ್‌ಎಂನದೇ. ಎದ್ದು ಕಾಣುವ ಅಂತರ ಇದ್ದದ್ದು ಸಿಲಿಂಡರ್ ಹೆಡ್‌ನಲ್ಲಿ. ಒಂದರದು ಸಾಧಾರಣ ಹೆಡ್, ಇನ್ನೊಂದರದು ಆ ಕಾಲದ ಅತಿ ದೊಡ್ಡ ಹೆಡ್‌ಗಳಲ್ಲೊಂದು. ಬೀದಿಯಲ್ಲಿ ಗೆದ್ದದ್ದು ಮೊದಲನೆಯದು. ಇವತ್ತು ಬಿಗ್ ಬ್ಲಾಕ್ ಎಂಜಿನ್ನಿಗೆ ಆಫ್ಟರ್‌ಮಾರ್ಕೆಟ್ ಹೆಡ್ ಕೊಳ್ಳಲು ಹೊರಟವರು ಕ್ಯಾಟಲಾಗ್ ತೆರೆಯುವ ಮೊದಲು ಈ ಪ್ರಕರಣವನ್ನು ತಿಳಿದುಕೊಳ್ಳುವುದು ಒಳ್ಳೆಯದು. ಇದರಲ್ಲಿ ಎಂಜಿನ್ನಿನ ಪಾಠ ಎಷ್ಟಿದೆಯೋ ಮನುಷ್ಯನ ಆಸೆಯ ಪಾಠವೂ ಅಷ್ಟೇ ಇದೆ.

ಕೋಬ್ರಾ ಜೆಟ್ ಹುಟ್ಟಿದ್ದು ಡೆಟ್ರಾಯಿಟ್‌ನ ವಿನ್ಯಾಸ ಕೊಠಡಿಯಲ್ಲಲ್ಲ, ರೋಡ್ ಐಲೆಂಡ್ ರಾಜ್ಯದ ಈಸ್ಟ್ ಪ್ರಾವಿಡೆನ್ಸ್ ಊರಿನ ಒಬ್ಬ ಡೀಲರನ ವರ್ಕ್‌ಶಾಪಿನಲ್ಲಿ. ಬಾಬ್ ಟಾಸ್ಕಾ ಅವರ ಮಳಿಗೆ ಅದು. ಫೋರ್ಡ್ 1966 ಮತ್ತು 1967ರಲ್ಲಿ ಲೆ ಮಾನ್ಸ್ ರೇಸನ್ನು ಗೆದ್ದು ಜಗತ್ತಿನ ಬಾಯಲ್ಲಿತ್ತು. ಆದರೆ ಟಾಸ್ಕಾ ಬಳಿ ಬರುತ್ತಿದ್ದ ಹುಡುಗರು ಲೆ ಮಾನ್ಸ್‌ಗೆ ಹೋಗುವವರಲ್ಲ. ಅವರು ಊರಿನ ಸಿಗ್ನಲ್ಲಿನಲ್ಲಿ, ವಾರಾಂತ್ಯದ ಡ್ರ್ಯಾಗ್ ಸ್ಟ್ರಿಪ್ಪಿನಲ್ಲಿ ಓಡಿಸುವವರು. 320 ಅಶ್ವಶಕ್ತಿಯೆಂದು ಮಾರುತ್ತಿದ್ದ 390 ಎಂಜಿನ್ನಿನ ಮಸ್ಟಾಂಗ್ ಅಲ್ಲಿ ಸೋಲುತ್ತಿತ್ತು. ಆ ಸೋಲು ಟಾಸ್ಕಾಗೆ ದಿನಾ ಕಾಣುತ್ತಿತ್ತು. ಕಂಪನಿಯ ದೊಡ್ಡವರಿಗೆ ಕಾಣುತ್ತಿರಲಿಲ್ಲ.

ಅಂಥದೊಂದು ಮಸ್ಟಾಂಗ್‌ನ ಎಂಜಿನ್ ಕೈಕೊಟ್ಟಾಗ ಟಾಸ್ಕಾ ಮಳಿಗೆಯ ಮೆಕ್ಯಾನಿಕ್‌ಗಳು ಹೊಸದೇನನ್ನೂ ಕಂಡುಹಿಡಿಯಲಿಲ್ಲ. ಫೋರ್ಡ್‌ನ ಬಿಡಿಭಾಗಗಳ ಕಪಾಟಿನಲ್ಲೇ ಇದ್ದದ್ದನ್ನು ಆರಿಸಿಕೊಂಡರು. ಕೆಳಭಾಗಕ್ಕೆ ಪೊಲೀಸ್ ಕಾರುಗಳ 428 ಬ್ಲಾಕ್, ಮೇಲೆ 1963ರ ಸುಮಾರಿನ ಲೋ-ರೈಸರ್ ಹೆಡ್, ಅದಕ್ಕೊಪ್ಪುವ ಮ್ಯಾನಿಫೋಲ್ಡ್, ದೊಡ್ಡ ಹೋಲಿ ಕಾರ್ಬ್ಯುರೇಟರ್. ಕ್ಯಾಮ್ 390ರದೇ. 1967ರ ನವೆಂಬರ್‌ನಲ್ಲಿ ಹಾಟ್ ರಾಡ್ ಪತ್ರಿಕೆ ಈ ಕಾರಿನ ವಿಷಯ ಬರೆದು, ಇಂಥದ್ದು ಬೇಕೋ ಬೇಡವೋ ಎಂದು ಕಂಪನಿಯ ಮುಖ್ಯಸ್ಥ ಹೆನ್ರಿ ಫೋರ್ಡ್ II ಅವರಿಗೇ ತಿಳಿಸುವಂತೆ ಓದುಗರನ್ನು ಕೇಳಿತು. ಪತ್ರಗಳ ರಾಶಿಯೇ ಹೋಯಿತು, ಕಂಪನಿ ಒಪ್ಪಿತು. 1968ರ ಆರಂಭದಲ್ಲಿ ಪೊಮೋನಾದ ವಿಂಟರ್‌ನ್ಯಾಷನಲ್ಸ್ ಡ್ರ್ಯಾಗ್ ರೇಸಿನಲ್ಲಿ ಕೋಬ್ರಾ ಜೆಟ್ ಮಸ್ಟಾಂಗ್ ಓಡಿಸಿದ ಆಲ್ ಜೋನಿಯೆಕ್ ಸೂಪರ್ ಸ್ಟಾಕ್ ಪಟ್ಟ ಗೆದ್ದರು. ವಿಮೆಯವರ ಕಣ್ಣು ತಪ್ಪಿಸಲೋ ಏನೋ, ಕಂಪನಿ ಅದರ ಶಕ್ತಿಯನ್ನು 335 ಎಂದಷ್ಟೇ ಬರೆಯಿತು. ನಿಜದಲ್ಲಿ ಅದಕ್ಕಿಂತ ಹೆಚ್ಚು ಎಂಬುದು ಓಡಿಸಿದವರಿಗೆಲ್ಲ ಗೊತ್ತಿತ್ತು.

ಬಾಸ್ 429ರ ಹುಟ್ಟಿನ ಕಾರಣವೇ ಬೇರೆ. ನಾಸ್ಕಾರ್ ರೇಸಿನಲ್ಲಿ ಕ್ರೈಸ್ಲರ್‌ನ 426 ಹೆಮಿಗೆ ಎದುರು ನಿಲ್ಲಬಲ್ಲ ಎಂಜಿನ್ ಫೋರ್ಡ್‌ಗೆ ಬೇಕಿತ್ತು. ರೇಸಿಗೆ ಇಳಿಸುವ ಎಂಜಿನ್ ಕನಿಷ್ಠ 500 ಕಾರುಗಳಲ್ಲಿ ಜನರಿಗೆ ಮಾರಾಟವಾಗಿರಬೇಕು ಎಂಬುದು ನಿಯಮ. ಹಾಗಾಗಿ ಮಿಷಿಗನ್‌ನ ಬ್ರೈಟನ್‌ನಲ್ಲಿ ಕಾರ್ ಕ್ರಾಫ್ಟ್ ಸಂಸ್ಥೆಯವರು ಮಸ್ಟಾಂಗ್‌ನ ಮುಂಭಾಗವನ್ನು ಅಗಲ ಮಾಡಿ, ಬ್ಯಾಟರಿಯನ್ನು ಡಿಕ್ಕಿಗೆ ಸಾಗಿಸಿ ಈ ಎಂಜಿನ್ನನ್ನು ತುರುಕಿದರು. ಹೆಡ್ ಅಲ್ಯೂಮಿನಿಯಂನದು. ಸಾಮಾನ್ಯ ಹೆಡ್ ಗ್ಯಾಸ್ಕೆಟ್ ಇಲ್ಲ. ಪ್ರತಿ ಸಿಲಿಂಡರಿಗೂ, ನೀರು ಮತ್ತು ಆಯಿಲ್‌ನ ಪ್ರತಿ ರಂಧ್ರಕ್ಕೂ ಬೇರೆ ಬೇರೆ ಉಂಗುರದ ಸೀಲ್. ಇನ್‌ಟೇಕ್ ವಾಲ್ವಿನ ಅಗಲ 2.28 ಅಂಗುಲ, ಅಂದರೆ ಸುಮಾರು 58 ಮಿಲಿಮೀಟರ್. ಕೋಬ್ರಾ ಜೆಟ್‌ನದು 2.09 ಅಂಗುಲ, ಸುಮಾರು 53 ಮಿಲಿಮೀಟರ್. ಕಾಗದದ ಮೇಲೆ ಶಕ್ತಿ 375. ಆದರೆ ಪತ್ರಿಕೆಗಳು ಕ್ವಾರ್ಟರ್ ಮೈಲಿ ಓಡಿಸಿದಾಗ ಬಾಸ್ ತೆಗೆದುಕೊಂಡದ್ದು ಹದಿನಾಲ್ಕು ಸೆಕೆಂಡಿಗೆ ಮೇಲೆ. ಕೋಬ್ರಾ ಜೆಟ್ ಹದಿಮೂರೂವರೆಯ ಆಸುಪಾಸಿನಲ್ಲಿ ಮುಗಿಸಿತ್ತು. ಹೆಚ್ಚು ಹಣ ಕೊಟ್ಟವನು ಹಿಂದೆ ಉಳಿದ.

ಈ ಹೋಲಿಕೆಯಲ್ಲಿ ಸ್ವಲ್ಪ ಎಚ್ಚರವೂ ಬೇಕು. ಬಾಸ್‌ನ ಬೋರ್ ಅಗಲ, ಸ್ಟ್ರೋಕ್ ಗಿಡ್ಡ. ಕೋಬ್ರಾ ಜೆಟ್‌ನದು ಉದ್ದದ ಸ್ಟ್ರೋಕ್. ಪತ್ರಿಕೆಯವರ ಕೈಗೆ ಬಂದ ಕಾರುಗಳ ಟ್ಯೂನಿಂಗ್ ಕೂಡ ಒಂದೇ ಹದದಲ್ಲಿರಲಿಲ್ಲ. ಇವನ್ನೆಲ್ಲ ಕಳೆದರೂ ಮೂಲ ಸಂಗತಿ ಉಳಿಯುತ್ತದೆ. ಬಾಸ್‌ನ ಹೆಡ್ ಎಷ್ಟು ಗಾಳಿ ಕೇಳುತ್ತಿತ್ತೋ ಅಷ್ಟನ್ನು ಕೊಡುವ ಕ್ಯಾಮ್ ಆಗಲಿ, ಕಾರ್ಬ್ಯುರೇಟರ್ ಆಗಲಿ, ಎಗ್ಸಾಸ್ಟ್ ಆಗಲಿ ಬೀದಿಯ ಕಾರಿನಲ್ಲಿ ಇರಲಿಲ್ಲ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು.

ಒಳಗೆ ನಡೆಯುವುದೇನು? ಪಿಸ್ಟನ್ ಕೆಳಗಿಳಿದು ಮತ್ತೆ ಮೇಲೇರಲು ತೊಡಗಿದ ಮೇಲೂ ಇನ್‌ಟೇಕ್ ವಾಲ್ವ್ ಸ್ವಲ್ಪ ಹೊತ್ತು ತೆರೆದೇ ಇರುತ್ತದೆ. ಹೆಡ್ ಒಳಗಿನ ಗಾಳಿಯ ದಾರಿಯಾದ ಪೋರ್ಟಿನಲ್ಲಿ ಗಾಳಿ ರಭಸವಾಗಿ ಬರುತ್ತಿದ್ದರೆ, ಏರುವ ಪಿಸ್ಟನ್ನನ್ನು ಎದುರಿಸಿಯೂ ತನ್ನ ವೇಗದ ಬಲದಿಂದಲೇ ಇನ್ನಷ್ಟು ಒಳನುಗ್ಗಿ ಸಿಲಿಂಡರನ್ನು ತುಂಬುತ್ತದೆ. ಪೋರ್ಟ್ ಅಗತ್ಯಕ್ಕಿಂತ ದೊಡ್ಡದಾದರೆ ಕಡಿಮೆ ಆರ್‌ಪಿಎಂನಲ್ಲಿ ಆ ರಭಸವೇ ಹುಟ್ಟುವುದಿಲ್ಲ. ಒಳಗೆ ಬಂದ ಗಾಳಿಯಲ್ಲಿ ಒಂದಿಷ್ಟು ಹಿಂದಕ್ಕೆ ಹೋಗುತ್ತದೆ. ಪೆಟ್ರೋಲಿನ ಹನಿಗಳು ಗಾಳಿಯಲ್ಲಿ ತೇಲದೆ ಪೋರ್ಟಿನ ಗೋಡೆಗೆ ಅಂಟುತ್ತವೆ. ಆಕ್ಸಿಲರೇಟರ್ ಒತ್ತಿದರೆ ಕಾರು ಒಂದು ಕ್ಷಣ ತಡೆದು ಹೊರಡುತ್ತದೆ. ಅದೇ ಪೋರ್ಟ್ ಏಳು ಸಾವಿರ ಆರ್‌ಪಿಎಂನಲ್ಲಿ ವರವಾಗುತ್ತದೆ. ಅಲ್ಲಿ ಸಣ್ಣ ಪೋರ್ಟ್ ಉಸಿರು ಕಟ್ಟಿಸುತ್ತದೆ. ಆದ್ದರಿಂದ ದೊಡ್ಡದು ಕೆಟ್ಟದ್ದು, ಸಣ್ಣದು ಒಳ್ಳೆಯದು ಎಂಬ ತೀರ್ಪನ್ನು ಈ ಪ್ರಕರಣದಿಂದ ತೆಗೆಯುವಂತಿಲ್ಲ. ಗಂಟೆಗಟ್ಟಲೆ ಪೂರ್ತಿ ವೇಗದಲ್ಲೇ ಓಡುವ ನಾಸ್ಕಾರ್‌ನ ಉದ್ದ ಟ್ರ್ಯಾಕ್‌ಗಳಲ್ಲಿ ಬಾಸ್ 429 ತನ್ನ ಯೋಗ್ಯತೆಯನ್ನು ತೋರಿಸಿತು. ಕ್ಯಾಮ್, ಕಾರ್ಬ್ಯುರೇಟರ್, ಎಗ್ಸಾಸ್ಟ್ ಬದಲಿಸಿಕೊಂಡ ಮಾಲೀಕರಿಗೂ ಅದು ತನ್ನ ಶಕ್ತಿಯನ್ನು ಕೊಟ್ಟಿತು. ತಪ್ಪು ಹೆಡ್‌ನದಲ್ಲ. ರೇಸಿನ ನಿಯಮ ಪಾಲಿಸಲು ಮಾಡಿದ ವಸ್ತುವನ್ನು ಬೀದಿಯವನ ಕೈಗಿಟ್ಟದ್ದು ತಪ್ಪು. ಆ ಗಿರಾಕಿಗೆ ಏನು ಬೇಕೆಂದು ಅಲ್ಲಿ ಯಾರೂ ಕೇಳಿರಲಿಲ್ಲ. ಲೆಕ್ಕಕ್ಕೆ 500 ಜನ ಬೇಕಿತ್ತು, ಅಷ್ಟೇ. ಟಾಸ್ಕಾ ಮಳಿಗೆಯಲ್ಲಿ ಮಾತ್ರ ಆ ಪ್ರಶ್ನೆ ಮೊದಲು ಬಂತು, ಹೆಡ್ ಆಮೇಲೆ ಬಂತು.

ಇವತ್ತು ಆ ಪ್ರಶ್ನೆಯನ್ನು ಕೊಳ್ಳುವವನೇ ತನಗೆ ತಾನು ಹಾಕಿಕೊಳ್ಳಬೇಕಾಗಿದೆ. ಷೆವ್ರೊಲೆಯ 454ನಂಥ ಬಿಗ್ ಬ್ಲಾಕ್‌ಗೆ ಈಗ ಸಿಗುವ ಹೆಡ್‌ಗಳ ಇನ್‌ಟೇಕ್ ಪೋರ್ಟ್ ಸುಮಾರು 260 ಸಿಸಿಯಿಂದ 380 ಸಿಸಿವರೆಗೂ ಇದೆ. ಬೆಲೆಯಲ್ಲಿ ದೊಡ್ಡ ಅಂತರವಿಲ್ಲದ ಕಡೆ ಕೈ ತಾನಾಗಿ ದೊಡ್ಡದರತ್ತ ಹೋಗುತ್ತದೆ. 28 ಅಂಗುಲ ನೀರಿನ ಒತ್ತಡದಲ್ಲಿ ಫ್ಲೋ ಬೆಂಚ್ ಮೇಲೆ ಅಳೆದ ಅಂಕಿಗಳಲ್ಲಿ ಎಲ್ಲಕ್ಕಿಂತ ದೊಡ್ಡದನ್ನು ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿರುತ್ತಾರೆ. ಅದು ವಾಲ್ವ್ 0.700 ಅಂಗುಲ ಎದ್ದಾಗಿನ ಅಂಕಿ ಎಂದಿಟ್ಟುಕೊಳ್ಳಿ. ನಿಮ್ಮ ಕ್ಯಾಮ್ ವಾಲ್ವನ್ನು 0.550 ಅಂಗುಲಕ್ಕಿಂತ ಮೇಲೆ ಎತ್ತುವುದೇ ಇಲ್ಲವಾದರೆ ಆ ಅಂಕಿ ನಿಮ್ಮ ಎಂಜಿನ್ನಿನಲ್ಲಿ ಒಮ್ಮೆಯೂ ಬರುವುದಿಲ್ಲ. ಎತ್ತುವುದಾದರೂ, ವಾಲ್ವ್ ತುದಿ ಮುಟ್ಟುವುದು ಒಂದು ಸಲ; ನಡುವಿನ ಎತ್ತರಗಳನ್ನು ಏರುವಾಗ ಒಮ್ಮೆ, ಇಳಿಯುವಾಗ ಒಮ್ಮೆ, ಎರಡು ಸಲ ದಾಟುತ್ತದೆ. ನೋಡಬೇಕಾದದ್ದು ಆ ನಡುವಿನ ಸಾಲುಗಳನ್ನು.

ಉಳಿದ ಲೆಕ್ಕವೂ ಇದೆ. 454ರಲ್ಲಿ ಒಂದು ಸಿಲಿಂಡರ್ ಗುಡಿಸುವ ಗಾತ್ರ ಸುಮಾರು 930 ಸಿಸಿ. ಪಿಸ್ಟನ್ ತುದಿ ಮುಟ್ಟಿದಾಗ ಮೇಲೆ ಉಳಿಯುವ ಜಾಗ 116 ಸಿಸಿ ಇದ್ದದ್ದು ಹೊಸ ಹೆಡ್‌ನಿಂದ 104 ಸಿಸಿಗೆ ಇಳಿದರೆ ಕಂಪ್ರೆಶನ್ 9ರಿಂದ ಹೆಚ್ಚುಕಡಿಮೆ 10ಕ್ಕೆ ಏರುತ್ತದೆ. ಹಾಕುವ ಪೆಟ್ರೋಲ್ ಅದನ್ನು ತಾಳುತ್ತದೆಯೇ? ದೊಡ್ಡ ವಾಲ್ವ್ ಪಿಸ್ಟನ್ನಿಗೆ ತಾಗದೆ ತೆರೆದು ಮುಚ್ಚುತ್ತದೆಯೇ? ಎತ್ತರಿಸಿದ ಎಗ್ಸಾಸ್ಟ್ ಪೋರ್ಟಿಗೆ ಈಗಿರುವ ಹೆಡರ್ ಕೂರುತ್ತದೆಯೇ? ಇವೆಲ್ಲಕ್ಕೂ ಹಿಂದಿನ ಪ್ರಶ್ನೆ ಒಂದೇ: ಈ ಕಾರು ತನ್ನ ಹೆಚ್ಚಿನ ಹೊತ್ತನ್ನು ಯಾವ ಆರ್‌ಪಿಎಂನಲ್ಲಿ ಕಳೆಯುತ್ತದೆ?

ಈ ಪ್ರಶ್ನೆಗೆ ನಿಜವಾದ ಉತ್ತರ ಕೊಡುವುದು ಕಷ್ಟ. ಉತ್ತರ ಗೊತ್ತಿರುತ್ತದೆ, ಒಪ್ಪಿಕೊಳ್ಳಲು ಮನಸ್ಸು ಬರುವುದಿಲ್ಲ. ಭಾನುವಾರ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಎರಡು ಮೂರು ಸಾವಿರ ಆರ್‌ಪಿಎಂನಲ್ಲಿ ಓಡಿಸುವವನು ಹೆಡ್ ಆರಿಸುವಾಗ ಮಾತ್ರ ರೇಸುಗಾರನಾಗುತ್ತಾನೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಅವನಿಗೆ ದಾರಿ ತೋರಿಸುವುದಿಲ್ಲ. ಅದು ಇಲ್ಲದವರಿಗೆ ಹೇಳಿದ ಮಾತು. ಅವನ ಬಳಿ ಹಣವಿದೆ, ಅಂಗಡಿಯಲ್ಲಿ ಸರಕಿದೆ. ಕೊರತೆ ತಡೆಯದ ಕಡೆ ಮನುಷ್ಯನನ್ನು ತಡೆಯಬಲ್ಲದ್ದು ತನ್ನ ಬಗ್ಗೆ ತಾನೇ ಹೇಳಿಕೊಳ್ಳುವ ಸತ್ಯ ಮಾತ್ರ. ಮನೆ ಕಟ್ಟುವಾಗ, ಮಕ್ಕಳನ್ನು ಕೋರ್ಸಿಗೆ ಸೇರಿಸುವಾಗ, ಕೆಲಸ ಬದಲಿಸುವಾಗಲೂ ನಾವು ಬಾಳುತ್ತಿರುವ ದಿನಗಳನ್ನು ಬಿಟ್ಟು ವರ್ಷಕ್ಕೊಮ್ಮೆ ಬರಬಹುದಾದ ದಿನಕ್ಕೆ ಅಳತೆ ತೆಗೆಯುತ್ತೇವೆ. ಹಾಗೆ ತೆಗೆದ ಅಳತೆಯ ನಷ್ಟವನ್ನು ಉಳಿದೆಲ್ಲ ದಿನಗಳೂ ತುಂಬಿಕೊಡಬೇಕಾಗುತ್ತದೆ.

ಶಕ್ತಿಯ ಆಸೆ ತಪ್ಪಲ್ಲ. ಟಾಸ್ಕಾ ಮಳಿಗೆಯವರ ಆಸೆ ಯಾರದಕ್ಕಿಂತಲೂ ಕಡಿಮೆಯಿರಲಿಲ್ಲ. ಇದ್ದುದಕ್ಕಿಂತ ದೊಡ್ಡ ಹೆಡ್ ಅನ್ನೇ ಅವರೂ ಹಾಕಿದ್ದು. ಆದರೆ ಕಾರು ಓಡುವ ರಸ್ತೆ ಯಾವುದು, ಓಡಿಸುವವನು ಯಾರು ಎಂಬುದನ್ನು ನೋಡಿ, ಬ್ಲಾಕು, ಕ್ಯಾಮು, ಕಾರ್ಬ್ಯುರೇಟರುಗಳ ಜೊತೆ ಹೊಂದುವಷ್ಟು ದೊಡ್ಡದನ್ನು ಹಾಕಿದರು. ಹೆಡ್ ಕೊಳ್ಳುವವರು ತಮ್ಮ ಕಾರಿನ ತೂಕ, ಗೇರ್ ಅನುಪಾತ, ಕ್ಯಾಮ್, ಹಾಕುವ ಪೆಟ್ರೋಲ್, ಓಡಿಸುವ ರಸ್ತೆ ಇಷ್ಟನ್ನು ಮುಚ್ಚುಮರೆಯಿಲ್ಲದೆ ಒಂದು ಹಾಳೆಯಲ್ಲಿ ಬರೆದು ಮಾರುವವನ ಮುಂದಿಡಲಿ. ಮಾರುವವನು ಅದನ್ನು ಓದಿ, ಅಗತ್ಯ ಬಿದ್ದರೆ ಸಣ್ಣ ಹೆಡ್ ಸಾಕು ಎಂದು ಹೇಳುವ ಪ್ರಾಮಾಣಿಕತೆ ತೋರಲಿ. ಹಾಗೆ ಹೇಳುವವನು ಸಿಕ್ಕರೆ ಅವನ ಅಂಗಡಿಯನ್ನು ಬಿಡಬೇಡಿ.